ಇಳಿದುಹೋದವನ ತೂಕ

ಬಿಸಿಯಾದ ಎಣ್ಣೆ, ರಬ್ಬರು, ಧೂಳು ಬೆರೆತ ವಾಸನೆಯೊಂದು ಅವಳ ಬಾಲ್ಯದಲ್ಲಿತ್ತು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಅಮ್ಮನ ಮೆಷೀನಿನ ಮೋಟರು ದಣಿದಾಗ ಏಳುತ್ತಿದ್ದ ವಾಸನೆ. ಅದು ಮೂಗಿಗೆ ಬಡಿದ ಕೂಡಲೇ ಅಮ್ಮ ಕಾಲು ತೆಗೆದು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಮೋಟರಿನ ಮೇಲೆ ಅಂಗೈ ಇಡುತ್ತಿದ್ದಳು. "ಸಾಕು ತಾಯಿ, ಸ್ವಲ್ಪ ಮಲಕ್ಕೋ" ಎಂದು ಮೆಷೀನಿಗೆ ಹೇಳಿ ಎದ್ದುಹೋಗುತ್ತಿದ್ದಳು. ಈಗ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದಾಗ ಬಂದದ್ದು ಅದೇ ವಾಸನೆ. ಅವಳು ಮೊಣಕಾಲೂರಿ ಕೂತು, ಗಂಡ ಕಟ್ಟಿಟ್ಟಿದ್ದ ಕಪ್ಪು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಸುಡುತ್ತಿತ್ತು.

ಪಕ್ಕದ ಕೋಣೆಯಲ್ಲಿ ಗಂಡ ಓದುತ್ತಿದ್ದ.

ಅವನು ತೀರಿಕೊಂಡು ವರ್ಷದ ಮೇಲಾಗಿತ್ತು. ರೈಲಿನ ಗಾರ್ಡ್ ಆಗಿದ್ದವನು. ಅವನ ತಾಯಿಯ ಕಣ್ಣು ಮಂಜಾಗುತ್ತಾ ಬಂದಾಗ, ಮಧ್ಯಾಹ್ನದ ಹೊತ್ತು ಅಮ್ಮನಿಗೆ ಕಾದಂಬರಿ ಓದಿ ಹೇಳುವುದನ್ನು ತಾನಾಗಿ ಹಚ್ಚಿಕೊಂಡಿದ್ದ. ಡ್ಯೂಟಿಯ ಮೇಲೆ ಊರು ಬಿಡುವ ದಿನಗಳಿಗೆಂದು ಮುಂಚೆಯೇ ಊಟದ ಮೇಜಿನ ಮುಂದೆ ಕೂತು ಓದಿ, ರೆಕಾರ್ಡ್ ಮಾಡಿ, ಕಂಪ್ಯೂಟರಿನ ಡಿಸ್ಕುಗಳನ್ನು ಜೋಡಿಸಿ ಕಟ್ಟಿದ ಈ ಪೆಟ್ಟಿಗೆಗೆ ಹಾಕಿಡುತ್ತಿದ್ದ. ಅಮ್ಮನ ಮಂಚದ ಪಕ್ಕ ಒಂದು ಸಣ್ಣ ಸ್ಪೀಕರ್ ಇಟ್ಟು, ಅದರ ಗುಂಡಿ ಕೈಗೆ ಸಿಗಲೆಂದು ತನ್ನ ಹಳೆಯ ಕೋಟಿನ ದೊಡ್ಡ ಬಟನ್ನೊಂದನ್ನು ಅಂಟಿಸಿಕೊಟ್ಟಿದ್ದ. ಅವನು ಹೋದ ಮೇಲೂ ಅತ್ತೆ ಊಟವಾದ ಕೂಡಲೇ ಮಲಗಿ, ತಡವಿ, ಬಟನ್ ಒತ್ತುತ್ತಿದ್ದರು. ನಿಂತಲ್ಲಿಂದ ಮುಂದಕ್ಕೆ ಓದು ಹೊರಡುತ್ತಿತ್ತು. ಮಗ ಡ್ಯೂಟಿಯ ಮೇಲೆ ಹೋದ ದಿನಗಳಲ್ಲಿ ಹೇಗೋ ಹಾಗೆಯೇ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಆ ಬೆಳಿಗ್ಗೆ ಗಿರಾಕಿಯೊಬ್ಬರ ಎರಡು ಕಣ್ಣುಗಳ ನಡುವಿನ ಅಂತರ ಅಳೆಯುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಬೆಳಗಿತು. ಪರದೆಯ ಮೇಲೆ ಗಂಡನ ಹೆಸರು. ಅಳತೆಪಟ್ಟಿ ಕೈಯಿಂದ ಜಾರಿ ಗಿರಾಕಿಯ ತೊಡೆಯ ಮೇಲೆ ಬಿತ್ತು. ಪೆಟ್ಟಿಗೆಗೆ ಏನಾದರೂ ಆದರೆ ತನ್ನ ಹೆಸರಿನಲ್ಲೇ ಹೆಂಡತಿಗೆ ಸಂದೇಶ ಹೋಗುವಂತೆ ಅವನು ಏರ್ಪಾಟು ಮಾಡಿಟ್ಟದ್ದು ಅವಳಿಗೆ ಮರೆತೇಹೋಗಿತ್ತು. ಸಂದೇಶದಲ್ಲಿದ್ದದ್ದು ಒಂದೇ ಸಾಲು: ಎರಡನೇ ಡಿಸ್ಕ್ ಕೆಟ್ಟಿದೆ.

"ಏನಮ್ಮ, ಕೆಟ್ಟ ಸುದ್ದೀನಾ?" ಎಂದು ಕೇಳಿದ ಗಿರಾಕಿ, ಅವಳು ಉತ್ತರಿಸುವ ಮೊದಲೇ, "ನನ್ನ ಕಣ್ಣು ನಾಳೆನೂ ಹೀಗೇ ಇರುತ್ತೆ. ನೀವು ಹೋಗಿ ಬನ್ನಿ" ಎಂದು ತಾನೇ ಎದ್ದು ನಿಂತರು.

ಓದಿದ್ದೆಲ್ಲ ಇದ್ದದ್ದು ಆ ಎರಡನೇ ಡಿಸ್ಕಿನಲ್ಲಿ. ಬೇರೆ ಪ್ರತಿ ಇರಲಿಲ್ಲ. ಪೆಟ್ಟಿಗೆಯಿದ್ದರೆ ಸಾಕು ಎಂದು ಅವನು ನಂಬಿದ್ದ. ಅದನ್ನು ಕಟ್ಟುವಾಗ ಜೊತೆಗಿದ್ದವನು ಅವನ ತಮ್ಮನೊಬ್ಬನೇ. ಆ ಮೈದುನನಿಗೆ ಫೋನ್ ಮಾಡುವ ಮುಂಚೆ ಅವಳು ಅಂಗಡಿಯ ಹಿಂದಿನ ಓಣಿಯಲ್ಲಿ ಬಹಳ ಹೊತ್ತು ನಿಂತಿದ್ದಳು.

ಮೈದುನ ಲಿಫ್ಟ್ ಮೆಕ್ಯಾನಿಕ್. ಅಣ್ಣನ ಮುಖ ಅವನಿಗೆ ಬಂದಿರಲಿಲ್ಲ, ಎತ್ತರ ಬಂದಿರಲಿಲ್ಲ. ದನಿ ಮಾತ್ರ ಪಡಿಯಚ್ಚು. ಅಣ್ಣ ಹೋದ ಹೊಸತರಲ್ಲಿ ಒಂದು ಸಂಜೆ ಬಾಗಿಲ ಹೊರಗಿನಿಂದಲೇ "ಯಾರಿದೀರ ಮನೇಲಿ?" ಎಂದು ಕೂಗಿದ್ದ. ಒಳಗೆ ಅವಳ ಕೈಲಿದ್ದ ಗಾಜಿನ ಜಗ್ಗು ನೆಲಕ್ಕೆ ಬಿದ್ದು ಚೂರಾಗಿತ್ತು. ಒಳಬಂದವನು ಅವಳ ಮುಖ ನೋಡಿದ. ಏನೂ ಮಾತಾಡದೆ ಗಾಜಿನ ಚೂರುಗಳನ್ನೆಲ್ಲ ಆರಿಸಿ ಕಾಗದದಲ್ಲಿ ಸುತ್ತಿಟ್ಟು ಹೊರಟುಹೋದ. ಆಮೇಲೆ ಮನೆಗೆ ಬರಲೇ ಇಲ್ಲ. ತಾಯಿಯನ್ನು ನೋಡಬೇಕೆನಿಸಿದಾಗ ಬೀದಿಯ ಕೊನೆಯ ಉದ್ಯಾನಕ್ಕೆ ಕರೆಸಿಕೊಂಡು, ಬೆಂಚಿನ ಮೇಲೆ ಕೂತು ಮಾತಾಡಿಸಿ ಕಳಿಸುತ್ತಿದ್ದ. ಅವಳೂ ಬಾ ಎಂದು ಕರೆದಿರಲಿಲ್ಲ.

ಈಗ ಅವನು ಹೊಸ ಡಿಸ್ಕಿನ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಬಳಿ ಬಂದು ನಿಂತ. ಗಂಟಲು ಕಟ್ಟಿದವನ ಹಾಗೆ ಪಿಸುಗುಟ್ಟಿದ.

"ಬಂದೆ ಅತ್ತಿಗೆ."

"ಶೀತಾನಾ?"

ಅವನು ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಅವನ ಮೂಗಾಗಲಿ ಕಣ್ಣಾಗಲಿ ಶೀತವಾದವನ ಹಾಗಿರಲಿಲ್ಲ. ತನಗೋಸ್ಕರ ದನಿಯನ್ನು ಅಡಗಿಸಿಕೊಂಡಿದ್ದಾನೆಂದು ಅವಳಿಗೆ ಒಂದು ಗಳಿಗೆ ಬಿಟ್ಟು ಹೊಳೆಯಿತು. ಅವಳು ನೆಲ ನೋಡಿದಳು.

ಕೋಣೆಯೊಳಗೆ ಕಾದಂಬರಿ ಸಾಗುತ್ತಿತ್ತು. ಯಾವುದೋ ಮಳೆಗಾಲದ ಊರು, ಅಲ್ಲೊಬ್ಬ ಪೋಸ್ಟ್‌ಮಾಸ್ಟರು. ಮೈದುನ ಅದನ್ನು ಕೇಳಿಸಿಕೊಳ್ಳದವನಂತೆ ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಯ ಸ್ಥಿತಿ ತೋರಿಸುವ ಪುಟ ನೋಡಿದ. ಸಾಲಾಗಿ ಹಸಿರು ಚುಕ್ಕಿಗಳು, ಎರಡನೆಯದರ ಮುಂದೆ ಕೆಂಪು.

"ಪೂರ್ತಿ ಹೋಗಿದೆ. ಇದನ್ನ ಪೆಟ್ಟಿಗೆ ಆಗಲೇ ಕೈಬಿಟ್ಟಿದೆ."

"ಹೋಗಿದೆ ಅಂದ್ರೆ? ಓದ್ತಾ ಇದಾರಲ್ಲ!" ಎಂದು ಕೋಣೆಯ ಕಡೆ ಕೈ ತೋರಿಸಿದಳು. "ಆ ಡಿಸ್ಕಲ್ಲಿ ಇರೋದು ತಾನೇ ಅದು? ಸತ್ತಿದ್ರೆ ಎಲ್ಲಿಂದ ಬರ್ತಿದೆ?"

ಅವನು ತುಸು ಯೋಚಿಸಿದ. "ಲಿಫ್ಟಲ್ಲಿ ಒಂದಷ್ಟು ಜನ ಹತ್ತಿದಾರೆ ಅಂದ್ಕೊಳ್ಳಿ. ಎಲ್ಲರ ಒಟ್ಟು ತೂಕ ಎಷ್ಟು ಅಂತ ಬರೆದಿಟ್ಟಿದೀರ. ಅವರಲ್ಲಿ ಒಬ್ಬ ಇಳಿದುಹೋದ. ಉಳಿದೋರನ್ನ ತೂಗಿ, ಒಟ್ಟಿಂದ ಕಳೆದ್ರೆ, ಇಳಿದುಹೋದೋನ ತೂಕ ಅವನಿಲ್ದೇನೇ ಗೊತ್ತಾಗುತ್ತೆ. ಇದ್ರಲ್ಲೂ ಒಂದು ಡಿಸ್ಕು ಒಟ್ಟು ಲೆಕ್ಕ ಮಾತ್ರ ಇಟ್ಕೊಂಡಿರುತ್ತೆ. ಈಗ ಅಮ್ಮ ಕೇಳ್ತಿರೋದು ಉಳಿದೋರಿಂದ ಲೆಕ್ಕ ಹಾಕಿ ತೆಗೆದಿದ್ದು. ಪ್ರತಿ ಅಕ್ಷರಾನೂ."

"ಇನ್ನೊಬ್ಬನೂ ಇಳಿದುಹೋದ್ರೆ?"

"ಆಗ ಯಾರ ತೂಕಾನೂ ಸಿಗಲ್ಲ. ಅದಕ್ಕೇ ಬೇಗ ಹೊಸದು ಕೂರಿಸ್ಬೇಕು."

ಅವಳು ಕೋಣೆಯ ಕಡೆ ತಿರುಗಿದಳು. ಬೆಳಿಗ್ಗೆಯೇ ಇಲ್ಲವಾದ ಜಾಗದಿಂದ ಓದುತ್ತಿದ್ದಾನೆ ಗಂಡ. ಓದಿನ ನಡುವೆ ಎಂದಿನಂತೆ ಮೂಗೆಳೆದುಕೊಂಡ. ಅದನ್ನೂ ಉಳಿದವರೇ ಲೆಕ್ಕ ಹಾಕಿ ಕೊಟ್ಟರೋ ಏನೋ.

"ಪೆಟ್ಟಿಗೆ ಆಫ್ ಮಾಡಿ ತೆಗೀಬೇಕು, ಸರಿಯಾಗಿ ಮಾಡೋದಾದ್ರೆ" ಎಂದು ಅವನು ಸ್ಕ್ರೂಡ್ರೈವರ್ ತೆಗೆದ.

"ಅಧ್ಯಾಯ ಮುಗೀಲಿ. ಮಧ್ಯದಲ್ಲಿ ನಿಂತ್ರೆ ಅವರಿಗೆ ಗಾಬರಿ ಆಗುತ್ತೆ. ನಾನು ಇನ್ನೂ ಏನೂ ಹೇಳಿಲ್ಲ."

"ಎಷ್ಟು ಉದ್ದ ಇದೆ ಈ ಅಧ್ಯಾಯ?"

"ನಿಮ್ಮಣ್ಣ ಓದೋ ಅಧ್ಯಾಯ ಕತ್ತಲಾಗೋವರೆಗೂ ಇರುತ್ತೆ."

ಅವನಿಗೆ ನಗು ಬಂತು. ಸದ್ದಿಲ್ಲದೆ ನಕ್ಕ. ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ, ಇದು ಅಷ್ಟು ಹೊತ್ತು ತಾಳುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ. "ಆಫ್ ಮಾಡೋದು ಬೇಡ ಹಾಗಾದ್ರೆ. ಕೆಟ್ಟಿರೋದು ಹೇಗೂ ಲೆಕ್ಕದಲ್ಲಿಲ್ಲ. ಅದೊಂದನ್ನ ಎಳೆದ್ರೆ ಯಾರಿಗೂ ಗೊತ್ತಾಗಲ್ಲ. ಓದು ಅದರ ಪಾಡಿಗೆ ಅದು ನಡೀಲಿ."

ತಾಯಿಯ ಮಧ್ಯಾಹ್ನ ಕೆಡದಿರಲಿ ಎಂದು ಇಬ್ಬರೂ ಒಪ್ಪಿದರು. ಡಿಸ್ಕುಗಳು ಪೆಟ್ಟಿಗೆಯ ಖಾನೆಗಳಲ್ಲಿ ಒಂದರ ಮೇಲೊಂದು ಕೂತಿದ್ದವು. ಅವನು ಕೆಳಗಿನಿಂದ ಬೆರಳಿಟ್ಟು ಎಣಿಸಿದ. ಲಿಫ್ಟಿನವನಿಗೆ ನೆಲಮಹಡಿಯೆಂದರೆ ಸೊನ್ನೆ. ಅದರ ಮೇಲಿನದು ಒಂದು, ಅದರ ಮೇಲಿನದು ಎರಡು. ಜೀವಮಾನವಿಡೀ ಹಾಗೆ ಎಣಿಸಿದ ಬೆರಳು ಇಲ್ಲೂ ಹಾಗೆಯೇ ಎಣಿಸಿತು. ಅಣ್ಣ ಎಲ್ಲರಂತೆ ಒಂದರಿಂದ ಎಣಿಸಿದ್ದನೆಂಬುದು ಅವನ ತಲೆಗೆ ಹೋಗಲಿಲ್ಲ. ಚಿಲಕ ಸರಿಸಿ, ಡಿಸ್ಕನ್ನು ಎಳೆದು ಕೈಗೆ ತೆಗೆದುಕೊಂಡ.

ಓದು ನಡೆದೇ ಇತ್ತು.

"ನೋಡಿದ್ರಾ?" ಎಂದು ಪಿಸುಗುಟ್ಟಿದವನ ಮುಖ ಹಾಗೆಯೇ ಬಿಳುಚಿತು. ಅಂಗೈಯಲ್ಲಿದ್ದ ಡಿಸ್ಕು ಮಿಸುಕುತ್ತಿತ್ತು. ಒಳಗೆ ಏನೋ ಇನ್ನೂ ರಭಸದಿಂದ ಸುತ್ತುತ್ತಾ, ಅವನ ಮಣಿಕಟ್ಟನ್ನು ಒಂದು ಪಕ್ಕಕ್ಕೆ ತಿರುಚಲು ನೋಡುತ್ತಿತ್ತು. ಹಿಡಿದ ಹಕ್ಕಿಯ ಹಾಗೆ. ಸತ್ತದ್ದು ಹೀಗೆ ಸುತ್ತುವುದಿಲ್ಲ.

"ಪೋಸ್ಟ್‌ಮಾಸ್ಟರು ಛತ್ರಿ ಮಡಚಿ, ಒಳಗೆ ಬರಲೋ ಬೇಡವೋ ಎಂದು..." ಎಂದಿತು ಕೋಣೆಯೊಳಗಿನ ದನಿ. ಸ್ಪೀಕರ್ ಮುಂಚಿತವಾಗಿ ಎತ್ತಿಟ್ಟುಕೊಂಡಿದ್ದಷ್ಟು ಮುಗಿದು, ಅಲ್ಲಿಗೆ ನಿಂತಿತು.

"ಅಯ್ಯೋ! ತಪ್ಪಾಗ್ಹೋಯ್ತು!" ಎಂದು ಮೈದುನ ಕೂಗಿಬಿಟ್ಟ. ಪಿಸುಮಾತೆಲ್ಲ ಹಾರಿಹೋಗಿ ಬಾಯಿಂದ ಬಂದದ್ದು ಅವನ ನಿಜವಾದ ದನಿ. ಕೋಣೆಯಲ್ಲಿ ನಿಂತ ಮಾತು ಮೆಟ್ಟಿಲ ಕೆಳಗೆ ಮುಂದುವರಿದಂತಾಯಿತು. ಅವಳು ಗೋಡೆ ಹಿಡಿದುಕೊಂಡಳು.

ಆಮೇಲೆ ಒಳಗಿನಿಂದ ಅತ್ತೆಯ ದನಿ ಬಂತು.

"ಯಾಕೋ ನಿಲ್ಸಿದೆ? ಓದೋ."

ಅವನ ಕೈಲಿ ಡಿಸ್ಕು ನಿಧಾನವಾಗಿ ತಿರುಗು ಕಳೆದುಕೊಳ್ಳುತ್ತಿತ್ತು. "ಕೆಳಗಿಡಬೇಡ" ಎಂದಳು ಅವಳು ಹೇಗೋ ಉಸಿರು ತಂದುಕೊಂಡು. "ನಿಲ್ಲೋವರೆಗೆ ಅಲ್ಲಾಡಿಸ್ದೆ ಹಿಡ್ಕೊ." ಕನ್ನಡಕದ ಗಾಜು ಹಿಡಿದು ಅಭ್ಯಾಸವಿದ್ದ ಅವಳ ಕೈ ಅವನ ಕೈಯ ಕೆಳಗೆ ಆಸರೆಯಾಗಿ ನಿಂತಿತು. ಕೊನೆಗೆ ಅದು ಬರೀ ಲೋಹದ ತುಂಡಾಯಿತು.

"ಇಬ್ರನ್ನೂ ಇಳಿಸ್ಬಿಟ್ಟೆ ಅತ್ತಿಗೆ. ಅಣ್ಣ ಓದಿದ್ದೆಲ್ಲ..."

"ಈಗೇನು ಮಾಡ್ಬೇಕು ಹೇಳು. ಅಳೋದು ಆಮೇಲೆ."

"ಪೂರ್ತಿ ಆಫ್ ಮಾಡಿ, ಇದನ್ನ ಇದ್ದಲ್ಲೇ ಇಟ್ಟು, ಮತ್ತೆ ಶುರು ಮಾಡ್ಬೇಕು. ಎಳೆದಾಗ ಇದರ ಮೇಲೆ ಯಾರೂ ಏನೂ ಬರೀತಿರ್ಲಿಲ್ಲ, ಬರೀ ಓದ್ತಿದ್ರು. ಒಳಗೆ ಪೆಟ್ಟು ಬಿದ್ದಿಲ್ದಿದ್ರೆ ಒಪ್ಕೊಳ್ಳುತ್ತೆ. ಬಿದ್ದಿದ್ರೆ..." ಅವನು ಹಿಡಿದಿದ್ದ ಡಿಸ್ಕಿನ ಅಂಚು ಖಾನೆಯ ಬಾಯಿಗೆ ತಗುಲಿ ಟಕಟಕ ಸದ್ದಾಯಿತು.

"ಏನ್ರೋ ಅದು ಪಿಸಪಿಸ?" ಎಂದರು ಒಳಗಿನಿಂದ ಅತ್ತೆ. "ನೀನು ಬಂದಿದ್ದು ಆಗ್ಲೇ ಗೊತ್ತಾಯ್ತು ಕಣೋ, ಬೂಟು ಎಳ್ಕೊಂಡು ನಡೀತೀಯಲ್ಲ. ಉಗ್ರಾಣ ಕೆಟ್ಟಿದ್ಯಾ?" ಮಗನ ಪೆಟ್ಟಿಗೆಗೆ ಅವರಿಟ್ಟ ಹೆಸರು ಅದು.

ಅವಳು ಮೈದುನನ ಕೈಯಿಂದ ಡಿಸ್ಕನ್ನು ಬಿಡಿಸಿಕೊಂಡಳು. "ಸಣ್ಣ ಸ್ಕ್ರೂ, ಸಣ್ಣ ಅಕ್ಷರ ನನ್ನ ಕೆಲಸ. ನಾನು ಮಾಡ್ತೀನಿ. ನೀನು ಒಳಗೆ ಹೋಗು. ಪುಸ್ತಕ ಕಿಟಕಿ ಮೇಲಿದೆ."

"ನಾನು ಓದ್ಲಾ?" ಎಂದ ಅವನು, ಮತ್ತೆ ಪಿಸುಮಾತಿಗೆ ಇಳಿದು. "ನಿಮಗೆ..."

"ಅವರಿಗೆ ಪಿಸುಮಾತು ಕೇಳ್ಸಲ್ಲ" ಎಂದು ಅವಳು ಮುಖ ಪೆಟ್ಟಿಗೆಯ ಕಡೆ ತಿರುಗಿಸಿದಳು. "ಜೋರಾಗಿ ಓದು."

ಅವನು ಹೋದ. ಕುರ್ಚಿ ಎಳೆದ ಸದ್ದು. ಹಾಳೆ ತಿರುವಿದ ಸದ್ದು. "ಎಲ್ಲಿಗೆ ನಿಂತಿತ್ತಮ್ಮ?"

"ಛತ್ರಿ ಮಡಚಿದ. ಒಳಗೆ ಬರಲೋ ಬೇಡವೋ ಅಂತ ನಿಂತಿದಾನೆ. ನೆನೀತಿರಬೇಕು ಪಾಪ, ಬೇಗ ಹುಡುಕು."

ಓದು ಶುರುವಾಯಿತು. ಮೊದಮೊದಲು ಪ್ರತಿ ವಾಕ್ಯಕ್ಕೂ ಅವಳ ಬೆನ್ನು ಸೆಟೆಯುತ್ತಿತ್ತು. ಹಿಂದಿರುಗಿ ನೋಡಿದರೆ ಬಾಗಿಲಲ್ಲಿ ಯಾರು ನಿಂತಿರುತ್ತಾರೋ ಎಂದು ನೋಡದೆ ಕೂತಳು. ಪೆಟ್ಟಿಗೆ ಆರಿಸಿದಳು. ಫ್ಯಾನು ನಿಂತಿತು. ಎಳೆದದ್ದನ್ನು ಸ್ವಸ್ಥಾನಕ್ಕೆ ತಳ್ಳಿ ಚಿಲಕ ಹಾಕಿದಳು. ಉಳಿದವುಗಳನ್ನು ಒಂದೊಂದಾಗಿ ಹೊರಗೆ ಎಳೆದು, ಬೆಳಕಿಗೆ ಹಿಡಿದು, ಮೈಮೇಲಿನ ಇರುವೆಯಂಥ ಅಂಕಿಗಳನ್ನು ಓದಿ, ಪುಟದಲ್ಲಿ ಕೆಂಪು ಬಿದ್ದಿದ್ದ ಅಂಕಿಗೆ ಹೋಲಿಸಿ ನೋಡಿದಳು. ಕೆಟ್ಟದ್ದು ಎಳೆದದ್ದರ ಕೆಳಗೇ ಇತ್ತು. ಅದರ ಸ್ಕ್ರೂ ಬಿಚ್ಚಿದಳು. ಹೊಸದಕ್ಕೆ ಅದೇ ಸ್ಕ್ರೂ ಕೂರಿಸಿದಳು.

ಸತ್ತ ಡಿಸ್ಕು ಅವಳ ಅಂಗೈಯಲ್ಲಿತ್ತು. ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಆ ಹೊತ್ತಿಗೆ ಒಳಗೆ ಪೋಸ್ಟ್‌ಮಾಸ್ಟರಿನ ಹೆಂಡತಿ ಏನನ್ನೋ ಕೇಳಿ, ಅವನು ಉತ್ತರ ಕೊಡುತ್ತಿದ್ದ, ತೀರಿಹೋದ ಗಂಡನ ದನಿಯಲ್ಲಿ. ಅವಳು ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಪೆಟ್ಟಿಗೆಯ ಗುಂಡಿ ಒತ್ತಿದಳು.

ದೀಪಗಳು ಒಂದೊಂದಾಗಿ ಹೊತ್ತಿದವು. ಒಳಗೆ ಡಿಸ್ಕುಗಳು ಎಚ್ಚರಗೊಂಡು ಗುಂಯ್‌ಗುಟ್ಟಿದವು. ಪುಟ ತೆರೆದುಕೊಳ್ಳಲು ಸತಾಯಿಸಿತು. ಕೊನೆಗೆ ಮೈದುನ ತಪ್ಪಾಗಿ ಎಳೆದಿದ್ದ ಮೂರನೆಯದರ ಮುಂದಿನ ಚುಕ್ಕಿ ಬೂದಾಗಿದ್ದದ್ದು ಹಾಗೆಯೇ ನಿಂತು, ನಿಂತು, ಹಸಿರಾಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಎರಡನೆಯದರ ಜಾಗದಲ್ಲಿ ಹೊಸದನ್ನು ಗುರುತಿಸಿ ಒತ್ತುವ ಮೊದಲು ಒಂದು ಎಚ್ಚರಿಕೆ ಬಂತು. ಎರಡು ಮೂರು ಸಲ ಓದಿಕೊಂಡಳು. ಧೈರ್ಯ ಸಾಲದೆ ಕೋಣೆಯ ಬಾಗಿಲಿಗೆ ಬಂದಳು. "ಹೊಸದ್ರಲ್ಲಿರೋದೆಲ್ಲ ಅಳಿಸಿಹೋಗುತ್ತೆ ಅಂತಿದೆ. ಒತ್ಲಾ?"

ಮೈದುನ ಪುಸ್ತಕದಿಂದ ತಲೆಯೆತ್ತಿದ. "ಹೊಸದ್ರಲ್ಲಿ ಅಳಿಸೋಕೆ ಏನಿದೆ ಅತ್ತಿಗೆ? ಒತ್ತಿ."

"ಓದೋ ಮಧ್ಯೆ ಮಾತಾಡಿಸ್ಬೇಡ ಅವನನ್ನ" ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ. "ಮೊದ್ಲೇ ಅಲ್ಪವಿರಾಮಗಳನ್ನೆಲ್ಲ ನುಂಗ್ತಾನೆ."

ಅವಳು ಒತ್ತಿದಳು. ಹೊಸ ಡಿಸ್ಕು ತುಂಬಿಕೊಳ್ಳತೊಡಗಿತು. ಉಳಿದವು ತಮ್ಮಲ್ಲಿದ್ದುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು, ಆ ಲೆಕ್ಕದಿಂದ ಹೋದದ್ದು ಹುಟ್ಟಬೇಕು. ನಾಳೆ ಮಧ್ಯಾಹ್ನದವರೆಗೆ ಹಿಡಿಯುತ್ತದೆ, ಅಲ್ಲಿಯವರೆಗೆ ಪೆಟ್ಟಿಗೆಗೆ ಬೇರೆ ಶ್ರಮ ಕೊಡುವುದು ಬೇಡ, ಸ್ಪೀಕರಿನ ಬಟನ್ ಒತ್ತುವುದು ಬೇಡ ಎಂದ ಮೈದುನ. "ನಡುವೆ ಇನ್ನೊಂದು ಕೈಕೊಟ್ರೆ ಮುಗೀತು."

"ಹಾಗಾದ್ರೆ ನೀನಿರು" ಎಂದರು ಅತ್ತೆ. "ಲಿಫ್ಟುಗಳಿಗೆ ಹೇಳು, ನಾಳೆ ಎಲ್ಲರೂ ಮೆಟ್ಟಿಲು ಹತ್ತಲಿ. ಆರೋಗ್ಯಕ್ಕೆ ಒಳ್ಳೇದು."

ಅವನು ಉಳಿದ. ಅವಳು ಮೇಜಿನ ಫ್ಯಾನನ್ನು ತಂದು ಗೂಡಿನ ಬಾಗಿಲಿಗೆ ಹಿಡಿದಿಟ್ಟಳು. ಕಾಲುಗಂಟೆಗೊಮ್ಮೆ ಹೋಗಿ ಅಂಗೈ ಇಟ್ಟು ನೋಡಿದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ನಲ್ಲಿಯನ್ನು ಸಣ್ಣದಾಗಿ ಬಿಟ್ಟಳು, ಓದು ಕೇಳಿಸುವಷ್ಟು. ಆಗ ಅತ್ತೆಯ ಗೊಣಗಾಟವೂ ಕೇಳಿಸುತ್ತಿತ್ತು.

"ಅವನು ಹೆಂಗಸರ ಮಾತು ಬಂದ್ರೆ ದನಿ ಸಣ್ಣ ಮಾಡ್ಕೊಳ್ತಿದ್ದ. ನೀನು ಪೊಲೀಸಿನೋರ ಥರ ಓದ್ತೀಯ. ಅವಳು ಗಂಡನ್ನ ಊಟಕ್ಕೆ ಕರೀತಿದಾಳೋ, ಲಾಕಪ್ಪಿಗೆ ಹಾಕ್ತಿದಾಳೋ?"

"ನಾನು ಲಿಫ್ಟ್ ರಿಪೇರಿ ಮಾಡೋನಮ್ಮ. ನನಗೆ ಬಂದಷ್ಟು."

"ಅಣ್ಣನ ಹಾಗೆ ಓದು ಅಂತ ಯಾರು ಹೇಳಿದ್ರು? ಉಸಿರಾದ್ರೂ ತಗೋ ಅಂದೆ."

ಅವಳು ತೊಳೆದ ಲೋಟವನ್ನು ಬೋರಲು ಹಾಕುತ್ತಾ ನಿಂತಳು. ಕಿವಿಗೊಟ್ಟು ಕೇಳಿದರೆ ಒಂದೊಂದಾಗಿ ಬೇರೆಯಾಗುತ್ತಿತ್ತು. ಇವನು ವಾಕ್ಯದ ಕೊನೆಗೆ ದನಿ ಎತ್ತುತ್ತಾನೆ, ಅವನು ಇಳಿಸುತ್ತಿದ್ದ. ಇವನು ಮೂಗೆಳೆಯುವುದಿಲ್ಲ, ಗಂಟಲು ಸರಿಮಾಡಿಕೊಳ್ಳುತ್ತಾನೆ. ಆದರೂ ಒಮ್ಮೊಮ್ಮೆ, ಮೂರು ನಾಲ್ಕು ಪದಗಳ ಮಟ್ಟಿಗೆ, ಮತ್ತೆ ಅವನೇ ಆಗಿಬಿಡುತ್ತಿದ್ದ. ಆಗ ನೀರು ಸುಮ್ಮನೆ ಹರಿಯುತ್ತಿತ್ತು.

ಮರುದಿನ ಅವಳು ಅಂಗಡಿಗೆ ಹೋಗಲಿಲ್ಲ. ಬೆಳಗಿನಿಂದ ಓದಿ ಮೈದುನನ ಗಂಟಲು ನಿಜವಾಗಿಯೇ ಕಟ್ಟಿತ್ತು. ಬಿಸಿ ನೀರು ಕುಡಿದು ಕುಡಿದು ಓದಿದ. ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತುವ ಹೊತ್ತಿಗೆ ಪುಟದಲ್ಲಿ ಎಲ್ಲ ಚುಕ್ಕಿಗಳೂ ಹಸಿರಾದವು. ಒಂದೂ ತಪ್ಪಿಲ್ಲ ಎಂದು ಕೆಳಗೆ ಬರೆದಿತ್ತು. ಇಬ್ಬರೂ ಗೂಡಿನ ಮುಂದೆ ಕೂತು ಅದನ್ನೇ ನೋಡಿದರು.

"ಆಯ್ತಲ್ಲ. ಬರ್ತೀನಿ" ಎಂದು ಅವನು ಪಿಸುಗುಟ್ಟಿ ಎದ್ದ. ಚೀಲ ಹೆಗಲಿಗೇರಿಸಿ, ಮೆಟ್ಟಿಲ ಬಳಿ ಬೂಟಿಗೆ ಕಾಲು ತೂರಿಸುತ್ತಿದ್ದ. ಅವಳು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಕೋಣೆಯಲ್ಲಿ ಅತ್ತೆ ತಡವಿ ಬಟನ್ ಒತ್ತಿದ ಸದ್ದು ಟಕ್ಕೆಂದಿತು.

ನಿಂತಿದ್ದಲ್ಲಿಂದಲೇ ಅವಳ ಗಂಡ ಮುಂದುವರಿಸಿದ. ಅದೇ ಇಳಿಯುವ ದನಿ, ಅದೇ ನಿಧಾನ. ಹೆಂಗಸಿನ ಮಾತು ಬಂದಾಗ ಸಣ್ಣಗಾಯಿತು.

ಬೂಟಿನ ಲಾಡಿ ಹಿಡಿದಿದ್ದ ಮೈದುನನ ಕೈ ನಿಂತುಹೋಯಿತು. ನಿನ್ನೆ ಅದನ್ನು ಕೇಳಿಸಿಕೊಳ್ಳದಿರಲು ಅವನಿಗೆ ಕೆಲಸವಿತ್ತು. ಈಗ ಏನೂ ಇರಲಿಲ್ಲ. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲು ಬರಿದು, ಹಾಗೆಯೇ ಕೆಳಗಿನ ಮೆಟ್ಟಿಲ ಮೇಲೆ ಕುಸಿದು, ಎರಡು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಸದ್ದು ಮಾತ್ರ ಹೊರಗೆ ಬಿಡಲಿಲ್ಲ.

ಅವಳು ಅಡುಗೆಮನೆಯ ಬಾಗಿಲಿಂದ ನೋಡಿದಳು. ಮತ್ತೆ ಒಲೆಯ ಬಳಿಗೆ ಹೋದಳು.

ಓದು ಒಂದು ಪುಟದಷ್ಟು ಸಾಗಿರಬೇಕು. ಆಗ ರೆಕಾರ್ಡಿನಲ್ಲಿ, ದೂರದಲ್ಲಿ, ಪಾತ್ರೆಯ ಸದ್ದಾಯಿತು. ಹೆಂಗಸೊಬ್ಬಳ ದನಿ, ಅವಳದೇ ದನಿ, ವಯಸ್ಸು ಕಡಿಮೆಯಿದ್ದಂತೆ, ಅವಸರದಲ್ಲಿ: "ಸಾಕು ಬನ್ನಿ, ಎಲ್ಲ ಆರಿಹೋಗ್ತಿದೆ." "ಒಂದ್ನಿಮಿಷ" ಎಂದ ಅವನು, ಅಮ್ಮನಿಗೋ ಹೆಂಡತಿಗೋ. ಕುರ್ಚಿ ಹಿಂದೆ ಸರಿದ ಸದ್ದು. ಹೆಜ್ಜೆಗಳು. ರೆಕಾರ್ಡ್ ನಿಲ್ಲಿಸಲು ಅವನು ಮರೆತಿದ್ದ. ಖಾಲಿ ಕೋಣೆಯೊಂದರ ಮೌನ ಸ್ಪೀಕರಿನಿಂದ ಹೊರಬಂದು ಮನೆಯಲ್ಲೆಲ್ಲ ಹರಡಿತು. ಅತ್ತೆ ಬಟನ್ ಒತ್ತಲಿಲ್ಲ. ಅವನು ಊಟ ಮುಗಿಸಿ ಬರಲೆಂದು ಎಂದಿನಂತೆ ಕಾಯುತ್ತಾ ಮಲಗಿದ್ದರು.

ಅವಳು ಅನ್ನ, ಬೇಯಿಸಿದ ಕಾಳು, ಒಂದು ಮೊಟ್ಟೆ ಹಾಕಿದ ತಟ್ಟೆಯನ್ನು ಹಿಡಿದು ಮೆಟ್ಟಿಲ ಬಳಿ ಬಂದಳು. ತಟ್ಟೆಯಿಂದ ಹಬೆ ಏಳುತ್ತಿತ್ತು. ಅವನು ಮುಖದಿಂದ ಕೈ ತೆಗೆಯುವವರೆಗೆ ನಿಂತಿದ್ದು, ತಟ್ಟೆಯನ್ನು ಅವನ ಎರಡೂ ಕೈಗೆ ಕೊಟ್ಟಳು.